ಮೌನ ಹಿಡಿದ ವಿದ್ಯುತ್ ಬೈಸಿಕಲ್ಲು

ಮನೆಯಲ್ಲಿ ಒಂದು ವಸ್ತು ಕೆಟ್ಟಾಗ ‘ಯಾರು ಕೆಡಿಸಿದರು?’ ಎಂದು ಕೇಳುವವರು ಹಲವರು, ‘ಏಕೆ ಕೆಟ್ಟಿತು?’ ಎಂದು ಕೇಳುವವರು ವಿರಳ. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಪಾಠ ಹೇಳಿ, ಕಾರ್ಯಕಾರಣಗಳ ಸಂಬಂಧವನ್ನು ಬೋಧಿಸಿದ ನಾವೇ ಈಚೆಗೆ ಮೊದಲನೆಯವರ ಗುಂಪಿಗೆ ಸೇರಿ ತಲೆತಗ್ಗಿಸಬೇಕಾಯಿತು. ಆ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ. ಬ್ಯಾಟರಿಯ ಬೈಸಿಕಲ್ಲು ಇರುವ ಮನೆಗಳಲ್ಲಿ ಇದರಿಂದ ಕೆಲವು ಸಾವಿರ ರೂಪಾಯಿಗಳು ಉಳಿದರೆ ಸಂತೋಷ; ಒಂದು ಹುಡುಗನ ಮನಸ್ಸು ನೋಯದೆ ಉಳಿದರೆ ಮತ್ತಷ್ಟು ಸಂತೋಷ.

ನಿವೃತ್ತರಾದ ಮೇಲೆ ನಮಗೆ ಮಂಡಿನೋವು ಹಿಡಿಯಿತು. ಹಳೆಯ ಬೈಸಿಕಲ್ಲನ್ನು ತುಳಿಯಲಾರದೆ, ತುಳಿತಕ್ಕೆ ಮೋಟಾರಿನ ನೆರವು ದೊರೆಯುವ ವಿದ್ಯುತ್ ಬೈಸಿಕಲ್ಲನ್ನು ಕೊಂಡೆವು. ಈ ಕಲ್ಪನೆ ಹೊಸತೇನೂ ಅಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬವರು ಹಿಂದಿನ ಚಕ್ರದ ನಡುವಿನಲ್ಲಿ ಮೋಟಾರನ್ನಿರಿಸಿದ ಬೈಸಿಕಲ್ಲಿಗೆ 1895ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಆದರೆ ಅಂದಿನ ಬ್ಯಾಟರಿಗಳು ಬಲು ಭಾರ. 1991ರಲ್ಲಿ ಪೇಟೆಗೆ ಬಂದ ಲಿಥಿಯಂ ಅಯಾನ್ ಬ್ಯಾಟರಿಯು ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಹಿಡಿದಿಡಬಲ್ಲದಾದುದರಿಂದ ಇಂಥ ವಾಹನಗಳು ನಮ್ಮಂಥವರ ಕೈಗೂ ಎಟುಕುವಂತಾದವು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು.

ನಮ್ಮ ತಮ್ಮನ ಮಗನು ಎರಡನೆಯ ಪಿಯುಸಿ ಓದುವುದಕ್ಕಾಗಿ ನಮ್ಮ ಮನೆಯಲ್ಲಿದ್ದಾನೆ. ಮಿತಭಾಷಿ, ಸಂಕೋಚದ ಸ್ವಭಾವದವನು. ಸಂಜೆ ಪಾಠಕ್ಕೆ ಹೋಗುವಾಗ ಆಗಾಗ ನಮ್ಮ ಬೈಸಿಕಲ್ಲನ್ನು ಒಯ್ಯುವುದುಂಟು. ವಿಜಯದಶಮಿ ಕಳೆದು ಒಂದು ವಾರವಾಗಿತ್ತು. ಬೆಳಗ್ಗೆ ನಾವು ತರಕಾರಿ ತರಲು ಹೊರಟು ಹಿಡಿಕೆಯ ಬಳಿಯ ಗುಂಡಿಯನ್ನು ಒತ್ತಲಾಗಿ, ಅಂಕಿಗಳನ್ನು ತೋರಿಸುವ ಪುಟ್ಟ ಫಲಕವು ಬೆಳಗಲೇ ಇಲ್ಲ. ಮತ್ತೆ ಮತ್ತೆ ಒತ್ತಿದೆವು, ಪ್ರಯೋಜನವಾಗಲಿಲ್ಲ. ಹಿಂದಿನ ಸಂಜೆ ಅದನ್ನು ಒಯ್ದಿದ್ದವನು ಹುಡುಗ. ಕರೆದು ಕೇಳಿದೆವು.

“ನಿನ್ನೆ ರಸ್ತೆಯ ಗುಂಡಿಯಲ್ಲಿ ಇಳಿದಾಗ ಒಂದು ಸಲ ಆರಿ ಹತ್ತಿತು, ದೊಡ್ಡಪ್ಪ. ನಾನೇನೂ ಮಾಡಲಿಲ್ಲ” ಎಂದನು.

ಏನೂ ಮಾಡದೆ ಯಂತ್ರವು ತಾನಾಗಿ ಕೆಡುವುದೇ ಎಂದು ನಾವು ತುಸು ಗಟ್ಟಿಯಾಗಿಯೇ ಗದರಿಸಿದೆವು. ಅವನು ತಿಂಡಿ ತಿನ್ನದೆ ಕಾಲೇಜಿಗೆ ಹೊರಟುಹೋದನು. ಇದನ್ನು ಕಂಡ ಮನೆಯಾಕೆ ನಮ್ಮೊಡನೆ ಮಾತನಾಡಲಿಲ್ಲ.

ಬೈಸಿಕಲ್ಲನ್ನು ತಳ್ಳಿಕೊಂಡು ಒಂದು ದುರಸ್ತಿಯ ಅಂಗಡಿಗೆ ಹೋದೆವು. ಅಲ್ಲಿದ್ದಾತನು ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳದೆ, ಬ್ಯಾಟರಿ ಹೋಗಿದೆಯೆಂದೂ ಹೊಸದಕ್ಕೆ 15 ಸಾವಿರ ರೂಪಾಯಿಗಳಾಗುವುದೆಂದೂ ತೀರ್ಪು ಕೊಟ್ಟನು. ನಮ್ಮ ಪಿಂಚಣಿಗೆ ಅದು ಸಣ್ಣ ಮೊತ್ತವಲ್ಲ. ಮರಳಿ ತಳ್ಳಿಕೊಂಡು ಬಂದೆವು.

ಆ ರಾತ್ರಿ ನಿದ್ರೆ ಬಾರದೆ ಯೋಚಿಸುತ್ತಿರಲು ಒಂದು ಸಂಗತಿ ಮನಸ್ಸಿಗೆ ಚುಚ್ಚಿತು. ಪರೀಕ್ಷಿಸದೆ ಬ್ಯಾಟರಿಯ ಮೇಲೆ ದೋಷ ಹೊರಿಸಿದ ಆ ಅಂಗಡಿಯವನಿಗೂ, ಪರೀಕ್ಷಿಸದೆ ಹುಡುಗನ ಮೇಲೆ ದೋಷ ಹೊರಿಸಿದ ನಮಗೂ ಏನು ಭೇದ? ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬ ಕ್ರಮವೊಂದಿದೆ. ಒಂದು ಇದ್ದಾಗ ಮತ್ತೊಂದು ಇದ್ದು, ಅದು ಇಲ್ಲದಾಗ ಮತ್ತೊಂದೂ ಇಲ್ಲದಿದ್ದರೆ, ಅವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಊಹಿಸಬಹುದು. ಇದನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೆವೋ ಲೆಕ್ಕವಿಲ್ಲ. ಮನೆಯ ಬೈಸಿಕಲ್ಲಿಗೆ ಮಾತ್ರ ಅನ್ವಯಿಸಿರಲಿಲ್ಲ!

ಮರುದಿನ, ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿ ನುರಿತಿರುವ ನಮ್ಮ ಹಳೆಯ ಶಿಷ್ಯನೊಬ್ಬನ ಬಳಿಗೆ ಹೋದೆವು. ಅವನು, “ಮೇಷ್ಟ್ರೇ, ಮೊದಲು ಕರೆಂಟು ಹೋಗುವ ದಾರಿಯನ್ನು ತಿಳಿದುಕೊಳ್ಳೋಣ. ಆಮೇಲೆ ಅದು ಎಲ್ಲಿ ನಿಂತಿದೆಯೆಂದು ನೋಡೋಣ” ಎಂದನು. ಗುರುವಿಗೆ ಶಿಷ್ಯನು ಪಾಠ ಹೇಳಿದ ಆ ಕ್ರಮವನ್ನೇ ಇಲ್ಲಿ ವಿವರಿಸುತ್ತೇವೆ.

ಗೋಡೆಯ ಸಾಕೆಟ್ಟಿನಿಂದ ಚಾರ್ಜರಿಗೆ, ಚಾರ್ಜರಿನಿಂದ ಬ್ಯಾಟರಿಗೆ ವಿದ್ಯುತ್ತು ಬರುತ್ತದೆ. ಅಲ್ಲಿ ಸಂಗ್ರಹವಾದುದು ಬ್ಯಾಟರಿಯ ತಳದಲ್ಲಿರುವ ಲೋಹದ ಕಡ್ಡಿಗಳ ಮೂಲಕ ಬೈಸಿಕಲ್ಲಿನ ಪೀಠಕ್ಕೂ, ಅಲ್ಲಿಂದ ಕಂಟ್ರೋಲರ್ ಎಂಬ ನಿಯಂತ್ರಕಕ್ಕೂ, ಅದರಿಂದ ಮುಂದೆ ಫಲಕಕ್ಕೂ ಮೋಟಾರಿಗೂ ಹರಿಯುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತನು ಕೆರೆಯ ತೂಬಿನಿಂದ ನೋಡುತ್ತ ಬರುವಂತೆ, ಇಲ್ಲಿಯೂ ಮೂಲದಿಂದ ನೋಡುತ್ತ ಬರಬೇಕು.

ಮೊದಲನೆಯದಾಗಿ, ಸಾಕೆಟ್ಟಿಗೆ ಬೇರೊಂದು ದೀಪವನ್ನು ಹಾಕಿ ಅದು ಉರಿಯುವುದೇ ಎಂದು ನೋಡತಕ್ಕದ್ದು. ಬಳಿಕ ಚಾರ್ಜರಿನ ದೀಪವನ್ನು ಗಮನಿಸಬೇಕು. ಸಾಮಾನ್ಯವಾಗಿ ಅದು ತುಂಬುತ್ತಿರುವಾಗ ಕೆಂಪಾಗಿಯೂ ತುಂಬಿದ ಮೇಲೆ ಹಸಿರಾಗಿಯೂ ಉರಿಯುವುದು. ಬ್ಯಾಟರಿಯು ಬರಿದಾಗಿದ್ದರೂ ಜೋಡಿಸಿದೊಡನೆ ಹಸಿರು ತೋರಿಸಿದರೆ ವಿದ್ಯುತ್ತು ಒಳಕ್ಕೆ ಹೋಗುತ್ತಿಲ್ಲವೆಂದು ತಿಳಿಯಬೇಕು. ಹಸಿರನ್ನು ಕಂಡು ‘ತುಂಬಿದೆ’ ಎಂದು ಮೋಸಹೋಗಬಾರದು.

ಎರಡನೆಯದಾಗಿ, ಬ್ಯಾಟರಿ. ಕೆಲವು ಬ್ಯಾಟರಿಗಳಿಗೆ ತಮ್ಮದೇ ಸ್ವಿಚ್ಚು ಅಥವಾ ಬೀಗದ ಕೈ ಇರುತ್ತದೆ. ಅದು ತಿರುಗಿದೆಯೇ ಎಂದು ನೋಡಬೇಕು. ಅನೇಕ ವೇಳೆ ರೋಗವೆಲ್ಲ ಇಷ್ಟೇ. 36 ವೋಲ್ಟಿನದೆಂದು ಹೇಳುವ ಬ್ಯಾಟರಿಯಲ್ಲಿ ಹತ್ತು ಕೋಶಗಳ ಸಾಲು ಇರುತ್ತದೆ. ಪೂರ್ಣ ತುಂಬಿದಾಗ ಒಂದೊಂದೂ 4.2ರಂತೆ ಒಟ್ಟು 42 ವೋಲ್ಟು. ಸುಮಾರು 30ಕ್ಕೆ ಇಳಿಯುವಷ್ಟರಲ್ಲಿ, ಕೋಶಗಳಿಗೆ ಹಾನಿಯಾಗದಂತೆ ಒಳಗಿನ ರಕ್ಷಕ ಮಂಡಲವು ಬಾಗಿಲು ಮುಚ್ಚಿಬಿಡುವುದು. ನಮ್ಮ ಶಿಷ್ಯನು ಮಲ್ಟಿಮೀಟರನ್ನು ನೇರ ವಿದ್ಯುತ್ತಿನ ಸ್ಥಾನದಲ್ಲಿಟ್ಟು ನೋಡಲಾಗಿ ನಮ್ಮ ಬ್ಯಾಟರಿಯು 39 ವೋಲ್ಟನ್ನು ತೋರಿಸಿತು. ಸತ್ತಿತೆಂದು ಹೇಳಿದ್ದ ಬ್ಯಾಟರಿಯು ಜೀವಂತವಾಗಿತ್ತು!

ಮೂರನೆಯದಾಗಿ, ಬ್ಯಾಟರಿಯನ್ನು ಪೀಠದಲ್ಲಿ ಕೂರಿಸಿ, ಕಂಟ್ರೋಲರಿಗೆ ಹೋಗುವ ತಂತಿಗಳಲ್ಲಿ ಅಳೆದನು. ಸೊನ್ನೆ. ಅಂಗೈಯಿಂದ ಬ್ಯಾಟರಿಯನ್ನು ಅದುಮಿದನು, ಫಲಕವು ಮಿನುಗಿತು. ಕೈ ತೆಗೆದನು; ಆರಿತು. ಅನ್ವಯವೂ ವ್ಯತಿರೇಕವೂ ಕಣ್ಣೆದುರಿಗೇ ನಡೆದುಹೋದವು. ಬ್ಯಾಟರಿಯನ್ನು ಕಳಚಿ ನೋಡಿದರೆ ಪೀಠದ ಕಡ್ಡಿಗಳಿಗೆ, ಬೆಳಗದೆ ಬಿಟ್ಟ ತಾಮ್ರದ ಚೆಂಬಿಗೆ ಹತ್ತುವಂತೆ, ಹಸಿರು ಕಿಲುಬು ಹತ್ತಿತ್ತು.

“ಇಲ್ಲಿಗೆ ನೀರು ಹೇಗೆ ಬಂತು, ಮೇಷ್ಟ್ರೇ?” ಎಂದು ಶಿಷ್ಯನು ಕೇಳಿದನು. ನಾವು ಉತ್ತರ ಕೊಡಲು ಸ್ವಲ್ಪ ಹೊತ್ತು ಹಿಡಿಯಿತು. ಆಯುಧಪೂಜೆಯ ದಿನ, ಬ್ಯಾಟರಿಯನ್ನು ಕಳಚದೆ, ಪೈಪಿನಿಂದ ರಭಸವಾಗಿ ನೀರು ಬಿಟ್ಟು ಬೈಸಿಕಲ್ಲನ್ನು ತೊಳೆದವರು ನಾವೇ. “ಬೇಡಿ ದೊಡ್ಡಪ್ಪ, ಒದ್ದೆ ಬಟ್ಟೆಯಲ್ಲಿ ಒರೆಸೋಣ” ಎಂದು ಹುಡುಗನು ಅಂದೇ ಹೇಳಿದ್ದನು. ಪೂಜೆಗೆ ಒರೆಸಿದರೆ ಸಾಲದೆಂದು ನಾವು ಕೇಳಿರಲಿಲ್ಲ. ಧನ ಋಣ ಕಡ್ಡಿಗಳ ನಡುವೆ ನೀರು ನಿಂತರೆ, ಬ್ಯಾಟರಿಯ ಒತ್ತಡದಿಂದ ಲೋಹವು ಕೆಲವೇ ದಿನಗಳಲ್ಲಿ ತಿಂದುಹೋಗುವುದಂತೆ. ಗುಂಡಿಯಲ್ಲಿ ಇಳಿದಾಗ ಫಲಕವು ಆರಿ ಹತ್ತಿತೆಂಬ ಹುಡುಗನ ಮಾತು ಸುಳ್ಳಾಗಿರಲಿಲ್ಲ. ಅದೇ ರೋಗದ ಮೊದಲ ಲಕ್ಷಣವಾಗಿತ್ತು.

ಶಿಷ್ಯನು ಬ್ಯಾಟರಿಯನ್ನು ದೂರವಿಟ್ಟು, ನಯವಾದ ಉಜ್ಜುಕಾಗದದಿಂದಲೂ ಸಂಪರ್ಕಗಳನ್ನು ಶುಚಿಮಾಡುವ ದ್ರವದಿಂದಲೂ ಕಡ್ಡಿಗಳನ್ನು ತಿಕ್ಕಿ, ಒಣಗಿಸಿ, ಸಡಿಲವಾಗಿದ್ದ ಹಿಡಿತವನ್ನು ಬಿಗಿಮಾಡಿದನು. ಕಡ್ಡಿಗಳು ಕರಗಿಯೋ ಸುಟ್ಟೋ ಹೋಗಿದ್ದರೆ ಪೀಠವನ್ನೇ ಬದಲಿಸಬೇಕಾಗುತ್ತಿತ್ತು.

ಇಲ್ಲಿಯೂ ದೋಷ ಕಾಣದಿದ್ದಲ್ಲಿ ಮುಂದೆ ಫ್ಯೂಸನ್ನೂ, ಫಲಕಕ್ಕೆ ಹೋಗುವ ತಂತಿಯ ಪ್ಲಗ್ಗನ್ನೂ ನೋಡಬೇಕು. ಪ್ಲಗ್ಗನ್ನು ತಿರುಚದೆ ನೇರವಾಗಿ ಎಳೆದು, ಬಾಣದ ಗುರುತುಗಳು ಎದುರುಬದುರಾಗುವಂತೆ ಒತ್ತಿ ಕೂರಿಸಬೇಕು. ಕಂಟ್ರೋಲರನ್ನು ಸಂಶಯಿಸುವುದು ಕಟ್ಟಕಡೆಗೆ. ಫಲಕವು ಬೆಳಗಿಯೂ ಚಕ್ರವು ತಿರುಗದಿದ್ದರೆ ಅದು ಬೇರೆ ವ್ಯಾಧಿ. ಆಗ ಮೊದಲು ಬ್ರೇಕಿನ ಹಿಡಿಕೆಗಳನ್ನು ನೋಡಬೇಕು. ಹಿಡಿಕೆಯು ಪೂರ್ತಿ ಹಿಂದಕ್ಕೆ ಬಾರದೆ ಸಿಕ್ಕಿಕೊಂಡಿದ್ದರೆ, ಅಪಾಯವಾಗದಿರಲೆಂದು ಅಲ್ಲಿನ ಸ್ವಿಚ್ಚು ಮೋಟಾರಿಗೆ ವಿದ್ಯುತ್ತನ್ನು ತಡೆದಿರುತ್ತದೆ.

ಇಷ್ಟನ್ನು ಗೃಹಸ್ಥರು ಎಚ್ಚರದಿಂದ ನೋಡಬಹುದು. ಬ್ಯಾಟರಿಯ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಎಂದಿಗೂ ಬಿಚ್ಚಲಾಗದು. ಅದರ ಎರಡು ಕಡ್ಡಿಗಳಿಗೆ ತಿರುಪುಳಿಯೋ ಉಂಗುರವೋ ಒಟ್ಟಿಗೆ ತಗುಲಿದರೆ ಕಿಡಿ ಸಿಡಿದು ಸುಡುವುದು. ಉಬ್ಬಿದ, ಬಿಸಿಯೇರುವ, ವಾಸನೆ ಬರುವ ಅಥವಾ ನೀರಲ್ಲಿ ಮುಳುಗಿದ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ, ಮನೆಯ ಹೊರಗಿಟ್ಟು ಬಲ್ಲವರಿಗೆ ತಿಳಿಸತಕ್ಕದ್ದು. ಬಹುಕಾಲ ಬಳಸದೆ ಬಿಟ್ಟು ಬರಿದಾದುದನ್ನು ಬೇರೆ ಚಾರ್ಜರಿನಿಂದ ಬಲವಂತವಾಗಿ ತುಂಬಬಾರದು. 2022ರ ಬೇಸಗೆಯಲ್ಲಿ ನಮ್ಮ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು, ಸರ್ಕಾರವು ಅದೇ ವರ್ಷ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿಗೊಳಿಸಬೇಕಾಯಿತೆಂಬುದನ್ನು ಮರೆಯಲಾಗದು. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಬ್ಯಾಟರಿಯನ್ನು ಸುಮಾರು ಅರ್ಧ ತುಂಬಿಸಿ, ಬೈಸಿಕಲ್ಲಿನಿಂದ ಕಳಚಿ, ತಂಪಾದ ಒಣ ಜಾಗದಲ್ಲಿಡುವುದು ಲೇಸು.

ಆ ಸಂಜೆ ಹುಡುಗನು ಕಾಲೇಜಿನಿಂದ ಬಂದಾಗ ನಾವು ಬೈಸಿಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಗುಂಡಿಯನ್ನು ಒತ್ತುವಂತೆ ಅವನಿಗೇ ಹೇಳಿದೆವು. ಫಲಕವು ಬೆಳಗಿತು. ಕಿಲುಬಿನ ಕಥೆಯನ್ನೂ ನೀರಿನ ಕಥೆಯನ್ನೂ ಮುಚ್ಚಿಡದೆ ಹೇಳಿ, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಅರುವತ್ತರ ವಯಸ್ಸಿನಲ್ಲಿ ಹದಿನೇಳರ ಹುಡುಗನೆದುರು ಹಾಗೆ ನುಡಿಯುವುದು ಸುಲಭವಲ್ಲವೆಂಬುದನ್ನು ಸಮಾನವಯಸ್ಕರಾದ ವಾಚಕರು ಬಲ್ಲರು. ಅವನು ತಲೆತಗ್ಗಿಸಿ, “ಹೋಗಲಿ ಬಿಡಿ ದೊಡ್ಡಪ್ಪ. ಬರುವ ವರ್ಷ ಪೂಜೆಗೆ ನಾನೇ ಒರೆಸಿಕೊಡುತ್ತೇನೆ” ಎಂದನು. ಒಳಗಿನಿಂದ ಮನೆಯಾಕೆ ಇಬ್ಬರನ್ನೂ ಕಾಫಿಗೆ ಕರೆದಳು.