ಒಂದು ವರ್ಷ ಬೇರೆಯವರ ಮನೆಯಲ್ಲಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಕಲ್ಲಿನ ಕಂಬವಿದೆ. ಅದರ ಮೇಲೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನವಿದೆ. ಮಯೂರಶರ್ಮನೆಂಬ ತರುಣ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರರೊಡನೆ ಜಗಳವಾದದ್ದು, ಓದು ಬಿಟ್ಟು ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಅದರಲ್ಲಿ ಬರುತ್ತದೆ. ನಾಲ್ಕನೆಯ ಶತಮಾನದ ಮಾತು. ಕದಂಬ ರಾಜ್ಯದ ವಿಚಾರ ಇತಿಹಾಸದ ಮೇಷ್ಟ್ರಿಗಿರಲಿ. ಈ ಸೀಮೆಯ ಹುಡುಗ ವಿದ್ಯೆಗಾಗಿ ಪರರಾಜ್ಯಕ್ಕೆ ಹೋಗುವುದು ಅಷ್ಟು ಹಳೆಯ ಸಂಗತಿ ಎಂಬುದಷ್ಟೇ ಇಲ್ಲಿ ಮುಖ್ಯ.

ಇಂದು ಶಿಕಾರಿಪುರ, ಸೊರಬದ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಸಿ ಶಿವಮೊಗ್ಗಕ್ಕೋ ದಾವಣಗೆರೆಗೋ ಮಂಗಳೂರಿಗೋ ಹೋಗಿ ಹಾಸ್ಟೆಲು ಸೇರುವುದು ಸಾಮಾನ್ಯ. ಅದು ಅಂಕಗಳಿಗಾಗಿ ಊರು ಬಿಡುವುದು. ಇನ್ನೊಂದು ಬಗೆಯ ಪಯಣವಿದೆ: ಬೇರೆ ದೇಶದ ಒಂದು ಮನೆಯಲ್ಲಿ ಆ ಮನೆಯ ಮಗುವಿನಂತೆ ವರ್ಷವೊಂದನ್ನು ಕಳೆದು, ಅಲ್ಲಿನ ಹೈಸ್ಕೂಲಿಗೆ ಹೋಗಿ ಬರುವುದು. ವಿದ್ಯಾರ್ಥಿ ವಿನಿಮಯ ಎಂದು ಇದರ ಹೆಸರು. ದೊಡ್ಡ ನಗರದ ಶಾಲೆಗಳ ಮಕ್ಕಳಿಗೆ ಇದು ಪರಿಚಿತ. ತಾಲ್ಲೂಕು ಕೇಂದ್ರದ ಹೈಸ್ಕೂಲಿಗೆ ಇದರ ಸುದ್ದಿ ಬರುವುದು ಅಪರೂಪ.

ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸುತ್ತ ಬಂದ ಸಂಸ್ಥೆಗಳಲ್ಲಿ ಒಂದಾದ ಎ.ಎಫ್.ಎಸ್. ಹುಟ್ಟಿದ್ದು ಶಾಲೆಗಾಗಿ ಅಲ್ಲ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಸ್ವಯಂಸೇವಕರ ದಳ ಅದು. ಎರಡು ಯುದ್ಧ ಕಂಡ ಮೇಲೆ, 1947ರಲ್ಲಿ, ಹೈಸ್ಕೂಲು ಮಕ್ಕಳ ವಿನಿಮಯಕ್ಕೆ ಕೈಹಾಕಿತು. ಒಬ್ಬರ ಮನೆಯಲ್ಲಿ ಉಂಡು ಬೆಳೆದವರು ಮುಂದೆ ಅವರ ಮೇಲೆ ಬಂದೂಕು ಎತ್ತಲಾರರು ಎಂಬ ನಂಬಿಕೆ ಇದರ ಹಿಂದಿತ್ತು. ಅಮೆರಿಕ ಸರ್ಕಾರ 2002ರಲ್ಲಿ ಆರಂಭಿಸಿದ ಯೆಸ್ ಎಂಬ ವಿದ್ಯಾರ್ಥಿವೇತನದಲ್ಲಿ ಭಾರತದ ಮಕ್ಕಳೂ ಹೋಗಿಬಂದಿದ್ದಾರೆ. ರೋಟರಿಯ ಯುವ ವಿನಿಮಯವೂ ಇದೆ. ಅದಕ್ಕೆ 15ರಿಂದ 19ರ ವಯಸ್ಸಿನವರು ಅರ್ಹರು. ತಂದೆ ರೋಟರಿ ಸದಸ್ಯರಾಗಿರಬೇಕೆಂದೇನಿಲ್ಲ. ಊಟ, ವಸತಿ, ಶಾಲೆಯ ಹೊಣೆ ಅಲ್ಲಿಯವರದು. ವಿಮಾನದ ಟಿಕೆಟು, ವಿಮೆ, ವೀಸಾದ ಖರ್ಚು ಇಲ್ಲಿಯ ಮನೆಯವರದು. ಅಡಿಕೆಗೆ ಬೆಲೆ ಬಿದ್ದ ವರ್ಷ ಅದೇನೂ ಸಣ್ಣ ಮೊತ್ತವಲ್ಲ.

ದುಡ್ಡಿಗಿಂತ ಮೊದಲು ತಾಯಂದಿರನ್ನು ಕಾಡುವುದು ಬೇರೆಯೇ. "ಅಲ್ಲಿ ಹುಡುಗ ಹುಡುಗಿ ಕೈಹಿಡಿದು ಕುಣಿಯುತ್ತಾರಂತೆ" ಎಂಬ ಮಾತು. ಸುಳ್ಳಲ್ಲ. ಅಮೆರಿಕದ ಹೈಸ್ಕೂಲುಗಳಲ್ಲಿ ವರ್ಷದ ಕೊನೆಗೆ, ಏಪ್ರಿಲ್-ಮೇ ಹೊತ್ತಿಗೆ, ಪ್ರಾಮ್ ಎಂಬ ನೃತ್ಯಕೂಟ ನಡೆಯುತ್ತದೆ. ಪ್ರಾಮನೇಡ್, ಅಂದರೆ ಠೀವಿಯಿಂದ ನಡೆದು ಬರುವುದು, ಎಂಬ ಪದದ ಮೊಟಕು ರೂಪ ಅದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲೇಜುಗಳಲ್ಲಿ ಶುರುವಾದದ್ದು ಆಮೇಲೆ ಹೈಸ್ಕೂಲಿಗೆ ಇಳಿಯಿತು. ಹುಡುಗರಿಗೆ ಸೂಟು, ಹುಡುಗಿಯರಿಗೆ ನೆಲ ಮುಟ್ಟುವ ಗೌನು, ಮಣಿಕಟ್ಟಿಗೆ ಹೂವು. ಟಿಕೆಟು ಕೊಂಡು ಒಳಗೆ ಹೋಗಬೇಕು, ಮೇಷ್ಟ್ರುಗಳು ಕಾವಲಿರುತ್ತಾರೆ. ಜೋಡಿಯಾಗಿಯೇ ಬರಬೇಕೆಂದಿಲ್ಲ, ಗೆಳತಿಯರ ಗುಂಪು ಸೇರಿ ಹೋಗುವವರಿದ್ದಾರೆ, ಹೋಗದೆ ಮನೆಯಲ್ಲಿ ಉಳಿಯುವವರೂ ಇದ್ದಾರೆ. ವಿನಿಮಯಕ್ಕೆ ಹೋದ ಮಗುವಿಗೂ ಒತ್ತಾಯವಿಲ್ಲ. ಅಲ್ಲದೆ ರೋಟರಿ ತನ್ನ ಮಕ್ಕಳಿಗೆ ನಾಲ್ಕು 'ಬೇಡ'ಗಳನ್ನು ಹೇಳಿಯೇ ಕಳಿಸುತ್ತದೆ: ಕುಡಿತ ಬೇಡ, ಮಾದಕ ವಸ್ತು ಬೇಡ, ವಾಹನ ಓಡಿಸುವುದು ಬೇಡ, ಪ್ರೇಮದ ಜೋಡಿಯಾಟ ಬೇಡ. ತಪ್ಪಿದರೆ ಮುಂದಿನ ವಿಮಾನಕ್ಕೆ ಊರಿಗೆ. ಪಕ್ಕದ ಜಿಲ್ಲೆಯ ಹಾಸ್ಟೆಲಿನಲ್ಲಿ ಇಷ್ಟು ಬಿಗಿ ಇದೆಯೇ ಎಂಬುದನ್ನು ಹೆತ್ತವರೇ ಯೋಚಿಸಲಿ.

ನಿಜವಾದ ತೊಡಕು ಕುಣಿತದಲ್ಲಿಲ್ಲ, ಬೆರೆಯುವುದರಲ್ಲಿದೆ. ಇಲ್ಲಿನ ಹೈಸ್ಕೂಲುಗಳಲ್ಲಿ ಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು. ಮೂರು ವರ್ಷ ಒಂದೇ ಕೋಣೆಯಲ್ಲಿ ಓದಿಯೂ ನೋಟುಬುಕ್ಕು ಕೇಳಲು ಮೂರನೆಯವರ ಮಧ್ಯಸ್ಥಿಕೆ ಬೇಕು. ಈ ಗೋಡೆ ಕೊಂಚ ಕರಗುವುದು ಶಾಲಾ ವಾರ್ಷಿಕೋತ್ಸವದ ತಾಲೀಮಿನಲ್ಲಿ. ಕೋಲಾಟಕ್ಕೆ ಜೋಡಿ ಬೇಕು, ನಾಟಕಕ್ಕೆ ರಾಣಿ ಬೇಕು, ಪರದೆ ಕಟ್ಟಲು ಹತ್ತು ಕೈ ಬೇಕು. ಸಂಜೆ ಕೊನೆಯ ಬಸ್ಸಿನ ತನಕ ಒಟ್ಟಿಗೆ ಕೆಲಸ ಮಾಡಿದವರು ಮಾರನೆಯ ದಿನ ಅಪರಿಚಿತರಾಗಿ ಉಳಿಯುವುದಿಲ್ಲ. ಆದರೆ ಹತ್ತನೆಯ ತರಗತಿ ಬಂತೆಂದರೆ ಅನೇಕ ಮನೆಗಳಲ್ಲಿ ಇದೆಲ್ಲ ಬಂದ್. "ಈ ವರ್ಷ ಡ್ಯಾನ್ಸು ಗೀನ್ಸು ಬೇಡ" ಎಂದು ಮಗುವನ್ನು ಸ್ಟೇಜಿನಿಂದ ಎಳೆದು ಟ್ಯೂಷನ್ನಿಗೆ ಕೂರಿಸುತ್ತಾರೆ. ಹೀಗೆ ಬೆಳೆದವರು ಪರದೇಶದ ಶಾಲೆಯ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ಯಾರ ಪಕ್ಕ ಕೂರಬೇಕೆಂದು ತಿಳಿಯದೆ ನಿಂತಾಗ ನೂರಕ್ಕೆ ತೊಂಬತ್ತೈದು ಅಂಕ ನೆರವಿಗೆ ಬರುವುದಿಲ್ಲ. ಅಲ್ಲಿ ಕೈಹಿಡಿಯುವುದು ಬೇರೆ ವಿದ್ಯೆ. ವಿನಿಮಯದ ಮಕ್ಕಳಿಗೆ ತಮ್ಮ ನಾಡಿನ ಹಾಡು, ಕುಣಿತ, ಅಡುಗೆ ತೋರಿಸುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ಸೊರಬದ ಕಡೆಯ ಡೊಳ್ಳಿನ ಪೆಟ್ಟು ಗೊತ್ತಿದ್ದವರು, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ-ಪಂಟಿಗೆಯ ನಾಲ್ಕು ಪದ ಬಲ್ಲವರು ಅಲ್ಲಿ ಬರಿಗೈಯವರಲ್ಲ.

ಇನ್ನೊಂದು ಲೆಕ್ಕವನ್ನು ಮೊದಲೇ ಹಾಕಬೇಕು. ಅಮೆರಿಕದ ಶಾಲೆ ಆಗಸ್ಟ್-ಸೆಪ್ಟೆಂಬರಿನಲ್ಲಿ ಶುರುವಾಗಿ ಮೇ-ಜೂನಿಗೆ ಮುಗಿಯುತ್ತದೆ. ಎಸ್.ಎಸ್.ಎಲ್.ಸಿ. ಆದಮೇಲೆ ಹೋದ ಮಗು ಮರಳುವಾಗ ಜೊತೆಯವರು ಎರಡನೆಯ ಪಿ.ಯು.ಸಿ.ಯಲ್ಲಿರುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ ಹಿಂದೆ ಬೀಳುವುದು ಖಂಡಿತ. ಸಿ.ಇ.ಟಿ., ನೀಟ್ ಎಂದು ಮನೆಯೆಲ್ಲ ಓಡುತ್ತಿರುವಾಗ ಈ ವರ್ಷವನ್ನು ಕೊಡಲು ಗಟ್ಟಿ ಮನಸ್ಸು ಬೇಕು. ಕೊಡಲಾಗದು ಎನ್ನುವವರನ್ನು ದೂರುವಂತಿಲ್ಲ.

ಅಂಥವರಿಗೆ ಎರಡು ದಾರಿಗಳಿವೆ. ಒಂದು ಜಿಲ್ಲೆಯೊಳಗೇ ಇದೆ. ಗಾಜನೂರಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಪ್ರವೇಶ. ಕನಿಷ್ಠ ಶೇ 75 ಸೀಟು ಹಳ್ಳಿಯ ಮಕ್ಕಳಿಗೆ. ನವೋದಯಗಳ ನಿಯಮದಂತೆ ಒಂಬತ್ತನೆಯ ತರಗತಿಯ ಶೇ 30ರಷ್ಟು ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ತರಗತಿ ತಪ್ಪುವುದಿಲ್ಲ, ಪಾಸ್‌ಪೋರ್ಟೂ ಬೇಡ. ಅನ್ನ ಉಂಡು ಬೆಳೆದ ಹುಡುಗ ಉತ್ತರದ ಚಳಿಯಲ್ಲಿ ಚಪಾತಿ ತಿನ್ನುತ್ತ ಹಿಂದಿಯಲ್ಲಿ ಜಗಳ ಆಡಲು ಕಲಿಯುವುದೂ ವಿನಿಮಯವೇ.

ಎರಡನೆಯದು ವಿಜ್ಞಾನದ ದಾರಿ. ಜಪಾನ್ 2014ರಲ್ಲಿ ಸಕುರಾ ವಿಜ್ಞಾನ ಕಾರ್ಯಕ್ರಮ ಆರಂಭಿಸಿತು. ಭಾರತದ ಹೈಸ್ಕೂಲು ಮಕ್ಕಳು 2016ರಿಂದ ಹೋಗತೊಡಗಿದರು. ಸುಮಾರು ಒಂದು ವಾರದ ಭೇಟಿ, ಖರ್ಚು ಜಪಾನಿನದು. ಇನ್‌ಸ್ಪೈರ್ ಮಾನಕ್ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟಕ್ಕೇರಿದ ಮಕ್ಕಳೂ ಇದಕ್ಕೆ ಆಯ್ಕೆಯಾಗಿದ್ದಾರೆ. ಆ ಸ್ಪರ್ಧೆಗೆ ಬೇಕಾದದ್ದು ಒಂದು ಸ್ವಂತ ಯೋಚನೆ. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ. ಅಡಿಕೆ ಸುಲಿಯುವ, ಶುಂಠಿ ತೊಳೆಯುವ, ಜೋಳದ ತೆನೆ ಬಿಡಿಸುವ ಕಷ್ಟ ಕಂಡ ಮಕ್ಕಳಿಗೆ ಯೋಚನೆಗೇನು ಬರ?

ಪರದೇಶದ ಮಾತು ಬಂದಾಗ ಕೊನೆಗೆ ಎಲ್ಲರೂ ಎಡವುವ ಜಾಗ ಪಾಸ್‌ಪೋರ್ಟು. ಅದರಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಹೆಸರನ್ನು ಪೂರ್ತಿ ಬಿಡಿಸಿ ಬರೆಯಬೇಕು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಮತ್ತೊಂದು ಹೆಸರಿದ್ದರೆ ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು. ಎಸ್.ಎಸ್.ಎಲ್.ಸಿ. ಅರ್ಜಿ ತುಂಬುವಾಗಲೇ ಈ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿದರೆ ಅರ್ಧ ದಿನದ ಕೆಲಸ.