ತೊಟ್ಟಿಲಿನಿಂದ ಶಿಶುವಿಹಾರಕ್ಕೆ

ತಾಯಿ ಕಚೇರಿಗೆ, ತಂದೆ ಕಾರ್ಖಾನೆಗೆ, ಅಜ್ಜಿ ದೂರದ ಊರಿನಲ್ಲಿ. ಇಂತಹ ಮನೆಯ ಕೂಸು ಹಗಲನ್ನು ಯಾರ ಮಡಿಲಲ್ಲಿ ಕಳೆಯಬೇಕು? ನಮ್ಮ ನಗರಗಳ ಬಡಾವಣೆಗಳಲ್ಲಿ ಇದಕ್ಕೆ ದೊರೆಯುವ ಉತ್ತರ 'ಡೇ ಕೇರ್'. ಒಡನೆಯೇ ನೆರೆಹೊರೆಯವರ ಉದ್ಗಾರ: "ಇಷ್ಟು ಎಳೆಯದರಲ್ಲೇ ಬಿಟ್ಟರೆ ಮಗು ಮೊಂಡಾಗದೆ ಇನ್ನೇನಾದೀತು?" ಈ ಮಾತಿನಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂಬುದನ್ನು ತೂರಿ ನೋಡಿದವರುಂಟು.

ಅಮೆರಿಕದ ವಿದ್ವಾಂಸರು 1991ರಲ್ಲಿ ಹುಟ್ಟಿದ 1,300ಕ್ಕೂ ಹೆಚ್ಚು ಶಿಶುಗಳ ಬೆಳವಣಿಗೆಯನ್ನು ಹದಿಹರೆಯದವರೆಗೂ ಗಮನಿಸಿದರು. ತಾಯಿಯಲ್ಲದವರ ಆರೈಕೆಯಲ್ಲಿ ಕಳೆದ ಗಂಟೆಗಳು ಹೆಚ್ಚಿದಂತೆಲ್ಲ ಹಟ, ಜಗಳ, ಅವಿಧೇಯತೆಗಳು ತುಸು ಹೆಚ್ಚಿದುವೆಂದು 2003ರಲ್ಲಿ ಪ್ರಕಟಿಸಿದರು. ದೊಡ್ಡ ಗುಲ್ಲೆದ್ದಿತು. ಗುಲ್ಲಿನಲ್ಲಿ ಮುಳುಗಿದ ಮಾತೇ ಮುಖ್ಯವಾದುದು: ಆ ಮಕ್ಕಳಲ್ಲಿ ಬಹುಪಾಲಿನವರ ನಡತೆ ಸಹಜದ ಎಲ್ಲೆಯನ್ನು ಮೀರಿರಲಿಲ್ಲ, ಉತ್ತಮ ಆರೈಕೆ ದೊರೆತವರ ಶಬ್ದಸಂಪತ್ತು ಹೆಚ್ಚಿತ್ತು, ಎಲ್ಲಕ್ಕೂ ಮಿಗಿಲಾಗಿ, ಮನೆಯವರು ಮಗುವಿನೊಡನೆ ನಡೆದುಕೊಳ್ಳುವ ರೀತಿಯ ಪ್ರಭಾವವೇ ಬಲವಾಗಿತ್ತು.

ಕೆನಡದ ಕ್ವಿಬೆಕ್ ಪ್ರಾಂತ್ಯದ ಅನುಭವ ಇನ್ನಷ್ಟು ಕಹಿ. 1997ರಲ್ಲಿ ಅಲ್ಲಿನ ಸರಕಾರ ದಿನಕ್ಕೆ 5 ಡಾಲರು ಶುಲ್ಕದ ಶಿಶುಪಾಲನೆಯನ್ನು ಆರಂಭಿಸಿತು. ತಾಯಂದಿರು ಹೆಚ್ಚು ಸಂಖ್ಯೆಯಲ್ಲಿ ದುಡಿಮೆಗೆ ಹೊರಟರೇನೋ ನಿಜ. ಆದರೆ ಮಕ್ಕಳಲ್ಲಿ ಸಿಡುಕು, ಆತಂಕ, ಕಾಯಿಲೆಗಳು ಹೆಚ್ಚಿದುವೆಂದು ಮೂವರು ಅರ್ಥಶಾಸ್ತ್ರಜ್ಞರು 2008ರಲ್ಲಿ ಬರೆದರು. ಬೇಡಿಕೆ ನುಗ್ಗಿಬಂದಾಗ ಗುಣ ಹಿಂದುಳಿಯಿತೆಂಬುದು ಹಲವರ ವಿವರಣೆ. ಹೆತ್ತವರಿಗೆ ಸುಮಾರು ಒಂದು ವರ್ಷ ಸಂಬಳದ ರಜೆಯುಳ್ಳ ನಾರ್ವೆಯಲ್ಲಾದರೋ, ಒಂದೇ ಮನೆಯ ಮಕ್ಕಳನ್ನು ಪರಸ್ಪರ ಹೋಲಿಸಿದಾಗ ಗಂಟೆಗಳಿಗೂ ತುಂಟತನಕ್ಕೂ ನಂಟೇ ಕಾಣಲಿಲ್ಲ.

ಆದುದರಿಂದ ದುಡಿಯುವ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. (ತಂದೆಯನ್ನು ಯಾರೂ ಕೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಿರಬಹುದು.) ಆದರೆ ಚಿಂತಿಸಬೇಕಾದುದೇ ಇಲ್ಲವೆಂದಲ್ಲ. ನಮ್ಮ ದೇಶದಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ರಜೆ ಮುಗಿದು ತಿಂಗಳೆರಡು ಕಳೆಯುವಷ್ಟರಲ್ಲಿ ಕೂಸು ಹೊಸ ಮುಖ ಕಂಡರೆ ಅಳತೊಡಗುತ್ತದೆ, ತಾಯಿ ಮರೆಯಾದರೆ ಚೀರುತ್ತದೆ. ಇದು ಮೊಂಡುತನವಲ್ಲ, ತನ್ನವರನ್ನು ಗುರುತಿಸುವ ಬುದ್ಧಿ ಮೂಡಿದ ಲಕ್ಷಣ. ಇಂತಹ ಹೊತ್ತಿನಲ್ಲಿ ಮೊದಲ ದಿನವೇ ಒಂಬತ್ತು ಗಂಟೆ ಬಿಟ್ಟುಬರುವುದಕ್ಕಿಂತ, ಒಂದು ವಾರ ತಾಯಿಯೋ ತಂದೆಯೋ ಜೊತೆಗೆ ಕುಳಿತು, ಅರ್ಧ ಗಂಟೆ, ಒಂದು ಗಂಟೆ ಎಂದು ಅಗಲಿಕೆಯನ್ನು ಹಿಗ್ಗಿಸುವುದು ಲೇಸು.

ಶಿಶುವಿಹಾರವನ್ನು ಆರಿಸುವಾಗ ಗೋಡೆಯ ಬಣ್ಣದ ಚಿತ್ರಗಳಿಗೆ ಮರುಳಾಗಬೇಡಿ. ಒಬ್ಬ ಆಯಾಳ ಪಾಲಿಗೆ ಕೂಸುಗಳೆಷ್ಟು ಎಂದು ಕೇಳಿ. ವರ್ಷ ತುಂಬದ ಮಕ್ಕಳಾದರೆ ಒಬ್ಬರಿಗೆ ಮೂರೇ ಎಂಬುದು ಅಮೆರಿಕದ ಮಕ್ಕಳ ವೈದ್ಯರು ಹೇಳುವ ಲೆಕ್ಕ. ಕಳೆದ ವರ್ಷ ಇದ್ದ ಆಯಾ ಈಗಲೂ ಇದ್ದಾಳೆಯೇ ಎಂದೂ ವಿಚಾರಿಸಿ. ಅಳುವ ಮಗುವನ್ನು ಆಕೆ ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತಾಳೆ ಎಂಬುದನ್ನು ಮಾತ್ರ ಕೇಳುವುದು ಬೇಡ. ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ನೀವೇ ನೋಡಿ.