ಬೇರುಗಂಟಿನ ಅಣುಜೀವಿಗಳು: ಅವುಗಳ ವಿಂಗಡಣೆಯೂ ರೈತನ ಪ್ರಯೋಜನವೂ

ಅಲಸಂದೆ, ಹೆಸರು, ಹುರುಳಿ ಮೊದಲಾದ ದ್ವಿದಳಧಾನ್ಯಗಳನ್ನು ಬೆಳೆದ ಹೊಲದಲ್ಲಿ ಮುಂದಿನ ಪೈರು ಹುಲುಸಾಗಿ ಬರುವುದೆಂಬುದು ರೈತರಿಗೆ ಬಹುಕಾಲದಿಂದ ತಿಳಿದ ವಿಷಯವಷ್ಟೆ. ಆ ಗಿಡಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದೇ ಇದಕ್ಕೆ ಮುಖ್ಯ ಕಾರಣವು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿದ್ವಾಂಸನು ಈ ಜೀವಿಗಳನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು.

ಬ್ಯಾಕ್ಟೀರಿಯವು ಒಂದೇ ಕೋಶದ ಜೀವಿ. ಗಿಡಗಳ ಮತ್ತು ಪ್ರಾಣಿಗಳ ಕೋಶದಲ್ಲಿರುವಂತೆ ಪೊರೆ ಸುತ್ತಿದ ಕೋಶಕೇಂದ್ರವು ಇದರಲ್ಲಿಲ್ಲ. 1872ರಲ್ಲಿ ಜರ್ಮನಿಯ ಫರ್ಡಿನಂಡ್ ಕೋನ್ ಎಂಬಾತನು ಗುಂಡು, ಕಡ್ಡಿ, ಸುರುಳಿ ಮೊದಲಾದ ಆಕಾರಗಳಿಂದ ಇವುಗಳನ್ನು ವಿಂಗಡಿಸಿದನು. 1884ರಲ್ಲಿ ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು ಬಣ್ಣಗಟ್ಟುವ ಕ್ರಮವೊಂದನ್ನು ಪ್ರಕಟಿಸಿದನು. ನೇರಳೆ ಬಣ್ಣವನ್ನು ಉಳಿಸಿಕೊಳ್ಳುವವು ಒಂದು ಪಂಗಡ, ಬಿಟ್ಟುಕೊಡುವವು ಇನ್ನೊಂದು. 1977ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬವರು ಕೋಶದೊಳಗಿನ ಆರ್.ಎನ್.ಎ. ಎಂಬ ವಸ್ತುವನ್ನು ಹೋಲಿಸಿ ನೋಡಿ, ಕೆಸರುಗದ್ದೆಯಲ್ಲಿಯೂ ದನದ ಹೊಟ್ಟೆಯಲ್ಲಿಯೂ ಮೀಥೇನ್ ಅನಿಲವನ್ನುಂಟುಮಾಡುವಂಥ ಜೀವಿಗಳು ಬ್ಯಾಕ್ಟೀರಿಯಗಳೇ ಅಲ್ಲವೆಂದೂ, ಬೇರೊಂದು ವಂಶದವೆಂದೂ ತೋರಿಸಿದರು. ಆ ವಂಶಕ್ಕೆ ಈಗ ಆರ್ಕಿಯ ಎಂದು ಹೆಸರು.

ಹೊರರೂಪದಿಂದ ಒಳಗುಣಕ್ಕೆ ಸಾಗಿದ ಈ ವಿಂಗಡಣೆಯಿಂದ ರೈತನಿಗೇನು ಲಾಭ? ಬೇರುಗಂಟಿನ ಜೀವಿಗಳೆಲ್ಲವೂ ಆಕಾರದಲ್ಲಿ ಕಡ್ಡಿಗಳೇ. ಗ್ರಾಮನ ಪರೀಕ್ಷೆಯಲ್ಲಿಯೂ ಎಲ್ಲವೂ ನೇರಳೆ ಬಣ್ಣವನ್ನು ಬಿಟ್ಟುಕೊಡತಕ್ಕವು. ಆದರೆ ಗುಣದಲ್ಲಿ ಒಂದೇ ಅಲ್ಲ. ಕಡಲೆಗೆ ಹೊಂದುವುದು ಮೀಸೋರೈಜೋಬಿಯಂ, ನೆಲಗಡಲೆಗೂ ಅಲಸಂದೆಗೂ ಹೊಂದುವುದು ಬ್ರಾಡಿರೈಜೋಬಿಯಂ. ಬೆಳೆಗಳೆರಡಕ್ಕೂ ಕಡಲೆಯೆಂಬ ಹೆಸರಿದ್ದ ಮಾತ್ರಕ್ಕೆ ಒಂದರ ಜೀವಾಣುಗೊಬ್ಬರವನ್ನು ಇನ್ನೊಂದಕ್ಕೆ ಹಾಕಲಾಗದು. ಹಾಗೆ ಹಾಕಿದಲ್ಲಿ ಗಂಟು ಕಟ್ಟದೆ ಹೋಗಬಹುದು, ಇಲ್ಲವೆ ಕಟ್ಟಿದ ಗಂಟು ನಿಷ್ಪ್ರಯೋಜಕವಾಗಬಹುದು. ಹಣದೊಡನೆ ಹಂಗಾಮೂ ಕೈಬಿಟ್ಟುಹೋಗುವುದು.

ಆದಕಾರಣ ಪೊಟ್ಟಣದ ಮೇಲೆ ಬರೆದಿರುವ ಬೆಳೆಯ ಹೆಸರನ್ನೂ ವಾಯಿದೆಯನ್ನೂ ನೋಡಿಯೇ ಕೊಳ್ಳತಕ್ಕದ್ದು. ಆರಿದ ಬೆಲ್ಲದ ಪಾಕದೊಡನೆ ಅದನ್ನು ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ತಡಮಾಡದೆ ಬಿತ್ತಬೇಕು. ಬಿಸಿಲಿಗೆ ಈ ಜೀವಿಗಳು ಸಾಯುವುವು. ಹೂ ಬಿಡುವ ಕಾಲದಲ್ಲಿ ಒಂದೆರಡು ಗಿಡಗಳನ್ನು ಕೀಳದೆ, ಮಣ್ಣುಸಹಿತ ಅಗೆದು ತೆಗೆದು ಗಂಟನ್ನು ಸೀಳಿ ನೋಡಬಹುದು. ಒಳಭಾಗವು ನಸುಗೆಂಪಾಗಿದ್ದರೆ ಜೀವಿಗಳು ಕೆಲಸದಲ್ಲಿ ತೊಡಗಿವೆಯೆಂದು ತಿಳಿಯತಕ್ಕದ್ದು. ಗಂಟುಗಳೆಲ್ಲವೂ ಬಿಳುಪಾಗಿಯೋ ಹಸುರಾಗಿಯೋ ಇದ್ದರೆ ಗಿಡಕ್ಕೆ ಸಾರಜನಕವು ಅವುಗಳಿಂದ ದೊರೆಯುತ್ತಿಲ್ಲವೆಂದೇ ಅರ್ಥ.